ಹುಲಿಗೆಮ್ಮನ ಆರು ಹಲ್ಲು

ಹಲ್ಲಿನ ಹೊದಿಕೆಯನ್ನು ಕೆತ್ತಿ ಮಾಡಬಹುದು, ಸುಟ್ಟು ಮಾಡಬಹುದು, ಅಚ್ಚಿಗೆ ಒತ್ತಿಯೂ ಮಾಡಬಹುದು. ಅದೆಲ್ಲ ಹಳೇ ಮಾತಾಯಿತು. ಹಿತ್ತಿಲಲ್ಲಿ ಕೊತ್ತಂಬರಿ ಬೆಳೆಸುವ ಹಾಗೆ ಅದನ್ನೂ ಬೆಳೆಸುವಂತಾದರೆ? ಅಂಥದೊಂದು ಯಂತ್ರ ದಾವಣಗೆರೆಯ ಡಾಕ್ಟರ್ ಕೊಟ್ರೇಶ್ ಅವರ ದಂತ ಪ್ರಯೋಗಾಲಯಕ್ಕೆ ಬಂದಿಳಿದ ದಿನ ಯಾರಿಗೂ ಅದರ ಮೇಲೆ ಭಕ್ತಿಯೇನೂ ಹುಟ್ಟಲಿಲ್ಲ. ನೋಡುವುದಕ್ಕೆ ಅದು ಇಡ್ಲಿ ಪಾತ್ರೆಯಂತಿತ್ತು. ಮುಚ್ಚಳ ತೆಗೆದರೆ ಒಳಗೆ ಪುಟ್ಟ ಪುಟ್ಟ ಗುಳಿಗಳು, ಗುಳಿಗಳ ತುಂಬ ತಿಳಿಗಂಜಿಯಂಥ ದ್ರವ. ಕೆಲಸದವರು ಅದಕ್ಕೆ ತೊಟ್ಟಿಲು ಎಂದು ಹೆಸರಿಟ್ಟು ತಮ್ಮ ಪಾಡಿಗೆ ತಾವು ಹೋದರು.

ಆ ಕಾಲದ ಹಲ್ಲುಗಳ ಸಂಗತಿಯನ್ನು ಇಲ್ಲಿ ಸ್ವಲ್ಪ ಹೇಳಿಬಿಡಬೇಕು. ವೆನೀರ್ ಎಂದರೆ ಹಲ್ಲಿನ ಮುಂಭಾಗಕ್ಕೆ ಹೊದಿಸುವ, ಉಗುರಿನಷ್ಟು ತೆಳ್ಳಗಿನ ಪದರ. ಕಲೆಯಾದ ಹಲ್ಲು, ಚಕ್ಕೆ ಎದ್ದ ಹಲ್ಲು ಅದರ ಹಿಂದೆ ಮರೆಯಾಗುತ್ತದೆ. ಮುದ್ರಿಸುವ ಯಂತ್ರಗಳು ಬಂದ ಮೇಲೆ ಆ ಕೆಲಸ ಎಷ್ಟು ಸಲೀಸಾಯಿತೆಂದರೆ, ಬೆಣ್ಣೆ ದೋಸೆಗೆ ಹೇಳಿ, ತಿಂದು, ಕೈ ತೊಳೆದು ಬರುವಷ್ಟರಲ್ಲಿ ಹೊಸ ನಗು ತಯಾರಾಗಿರುತ್ತಿತ್ತು. ಊರಿಗೆ ಊರೇ ಒಂದೇ ಥರ ನಗತೊಡಗಿತು. ಮದುವೆಯ ಫೋಟೋದಲ್ಲಿ ಹೆಣ್ಣಿನ ಕಡೆಯವರು ಯಾರು, ಗಂಡಿನ ಕಡೆಯವರು ಯಾರು ಎಂದು ನಗು ನೋಡಿ ಹೇಳುವ ಹಾಗೇ ಇರಲಿಲ್ಲ.

ಅಂಥ ಊರಿನಲ್ಲಿ ನಗುವಾಗ ಬಾಯಿಗೆ ಸೆರಗು ಅಡ್ಡ ಹಿಡಿಯುವ ಹೆಂಗಸೊಬ್ಬರು ಉಳಿದಿದ್ದರೆ, ಅವರು ಹುಲಿಗೆಮ್ಮ. ಪ್ರಯೋಗಾಲಯದಲ್ಲಿ ವೆನೀರ್ ವಿಭಾಗವನ್ನೇ ನೋಡಿಕೊಳ್ಳುತ್ತಿದ್ದ ಭೂಮಿಕಾಳ ಅತ್ತೆ. ಚಿಕ್ಕಂದಿನಲ್ಲಿ ಫ್ಲೋರೈಡ್ ತುಂಬಿದ ಕೊಳವೆಬಾವಿ ನೀರು ಕುಡಿದು ಬೆಳೆದವರು. ಮೇಲಿನ ಸಾಲಿನ ಮುಂದಿನ ಆರೂ ಹಲ್ಲು ಕಂದು ಬಣ್ಣಕ್ಕೆ ತಿರುಗಿ, ಈಚೆಗೆ ಚಕ್ಕೆ ಚಕ್ಕೆಯಾಗಿ ಉದುರುತ್ತಿದ್ದವು. ಸೊಸೆ ಊರಿಗೆಲ್ಲ ಹಲ್ಲು ಮಾಡಿಕೊಡುತ್ತಾಳೆ, ಅತ್ತೆಯ ಬಾಯಿ ನೋಡಿ ಎಂದು ಓಣಿಯವರು ಆಡಿಕೊಳ್ಳುತ್ತಿದ್ದರು.

ಚೆಂದದ ಪ್ರಶ್ನೆ ಮಾತ್ರವಾಗಿದ್ದರೆ ಹುಲಿಗೆಮ್ಮ ಆ ಹಲ್ಲುಗಳನ್ನು ಹಾಗೇ ಇಟ್ಟುಕೊಂಡು ಬದುಕಿಬಿಡುತ್ತಿದ್ದರು. ಆದರೆ ಅವರು ಕ್ಲಾರಿಯೊನೆಟ್ ನುಡಿಸುವವರು. ಭಜಂತ್ರಿ ಮನೆತನಕ್ಕೆ ಸೊಸೆಯಾಗಿ ಬಂದು, ಗಂಡ ಯಂಕಪ್ಪನಿಂದ ವಾದ್ಯ ಕಲಿತು, ಹೆಂಗಸರದೇ ಒಂದು ಬ್ಯಾಂಡ್ ಕಟ್ಟಿ, ಮದುವೆ ದಿಬ್ಬಣಗಳ ಮುಂದೆ ಎದೆಯೆತ್ತಿ ನಡೆದವರು. ಕ್ಲಾರಿಯೊನೆಟ್ಟಿನ ಸಂಗತಿ ಏನೆಂದರೆ, ಊದುವವರ ಮೇಲಿನ ಹಲ್ಲು ನೇರವಾಗಿ ವಾದ್ಯದ ಮೂತಿಯ ಮೇಲೆ ಕೂರುತ್ತದೆ. ಸ್ವರವು ಹೊರಗಿನಿಂದ ಕಿವಿಗೆ ಬರುವ ಮೊದಲೇ ಹಲ್ಲು ಹತ್ತಿ, ತಲೆಯೊಳಗಿನಿಂದ ಕೇಳಿಸುತ್ತದೆ. ಹುಲಿಗೆಮ್ಮ ಸ್ವರ ತಿದ್ದಿಕೊಳ್ಳುತ್ತಿದ್ದದ್ದೇ ಹಾಗೆ. ಈಗ ಮೇಲಿನ ಷಡ್ಜ ಹಿಡಿದರೆ ಹಲ್ಲು ಜುಮ್ಮೆಂದು, ಕಣ್ಣಲ್ಲಿ ನೀರು ಬರುತ್ತಿತ್ತು.

ಸಂಕ್ರಾಂತಿಗೆ ಊರಿನ ಉದ್ಯಾನದ ಗಾಜಿನ ಮನೆಯಲ್ಲಿ ಅವರ ಬ್ಯಾಂಡಿನ ಕಛೇರಿ ಗೊತ್ತಾಗಿತ್ತು. ಮದುವೆಗಳಿಗೆಲ್ಲ ಹಾರುವ ಸ್ಪೀಕರುಗಳನ್ನು ಬಾಡಿಗೆಗೆ ತರುವ ಆ ಕಾಲದಲ್ಲಿ, ಉಸಿರು ಹಾಕಿ ಊದುವ ಬ್ಯಾಂಡನ್ನು ಯಾರಾದರೂ ಟಿಕೆಟ್ ಇಟ್ಟು ಕರೆಯುವುದೆಂದರೆ ಸಣ್ಣ ಮಾತಲ್ಲ. ಅಷ್ಟರೊಳಗೆ ಹಲ್ಲು ಸರಿಹೋಗದಿದ್ದರೆ ವಾದ್ಯ ಕೆಳಗಿಡುತ್ತೇನೆ, ಇನ್ನು ಮುಟ್ಟುವುದಿಲ್ಲ ಎಂದು ಹುಲಿಗೆಮ್ಮ ಊಟದ ತಟ್ಟೆಯ ಮುಂದೆ ಕೂತು ಹೇಳಿದ್ದರು. ಅವರು ಹೇಳಿದರೆ ಹೇಳಿದ ಹಾಗೆಯೇ. ಭೂಮಿಕಾಳಿಗೆ ಆ ರಾತ್ರಿ ಅನ್ನ ಇಳಿಯಲಿಲ್ಲ.

ಮರುವಾರ ಅವಳು ಅತ್ತೆಯನ್ನು ವಾದ್ಯದ ಪೆಟ್ಟಿಗೆಯ ಸಮೇತ ಪ್ರಯೋಗಾಲಯಕ್ಕೆ ಕರೆತಂದಳು. ಅಂಟಿಸದೆ ಸುಮ್ಮನೆ ಸಿಕ್ಕಿಸಿ ನೋಡುವಂಥ ವೆನೀರ್‌ಗಳನ್ನು ಒಂದೊಂದು ವಿಧಾನದಲ್ಲೂ ಒಂದೊಂದು ಜೊತೆ ತಯಾರಿಸಿದ್ದಳು. ಕುಲುಮೆಯಲ್ಲಿ ಕರಗಿಸಿ ಅಚ್ಚಿಗೆ ಒತ್ತಿದ ಗಾಜಿನಂಥ ಪಿಂಗಾಣಿ ಒಂದು. ಯಂತ್ರ ಕಡೆದುಕೊಟ್ಟ ಜಿರ್ಕೋನಿಯ ಇನ್ನೊಂದು. ಕಲ್ಲಿನಂಥ ವಸ್ತು, ಸುತ್ತಿಗೆಗೂ ಜಗ್ಗದು. ಮೂರನೆಯದು ಭೂಮಿಕಾ ತಾನೇ ಕುಂಚ ಹಿಡಿದು, ಪಿಂಗಾಣಿ ಪುಡಿಯನ್ನು ಪದರ ಪದರವಾಗಿ ಬಳಿದು ಸುಟ್ಟದ್ದು. ನೋಡಿದರೆ ದೇವರೇ ಕೊಟ್ಟ ಹಲ್ಲು ಅನ್ನಬೇಕು, ಆದರೆ ಬಲು ನಾಜೂಕು.

ಹುಲಿಗೆಮ್ಮ ಒಂದೊಂದನ್ನೂ ತೊಟ್ಟು ನುಡಿಸಿದರು. ಕೆಲಸದವರು ಕೈಯಲ್ಲಿದ್ದದ್ದನ್ನು ಕೆಳಗಿಟ್ಟು ಬಾಗಿಲಲ್ಲಿ ಬಂದು ನಿಂತರು. ಮೂರಕ್ಕೂ ಹುಲಿಗೆಮ್ಮ ಬೇಡವೆಂದು ತಲೆ ಅಲ್ಲಾಡಿಸಿಬಿಟ್ಟರು. ಅಂಟು ಹಾಕಿ ಕೂರಿಸಿದರೆ ಸರಿಹೋಗುತ್ತದೆ, ಜಿರ್ಕೋನಿಯವೇ ಇರಲಿ, ಈ ಜನ್ಮಕ್ಕೆ ಒಡೆಯುವುದಿಲ್ಲ ಎಂದು ಡಾಕ್ಟರು ಸಮಾಧಾನ ಹೇಳಿದರು.

"ಒಡೆಯಂಗಿಲ್ಲ, ಖರೆ," ಎಂದರು ಹುಲಿಗೆಮ್ಮ. "ಆದ್ರೆ ಕೊಡೆ ಹಿಡ್ಕೊಂಡು ಸ್ನಾನ ಮಾಡಿದಂಗೆ ಐತೆ ಡಾಕ್ಟ್ರೇ. ಸ್ವರ ಒಳಗೆ ಇಳೀವಲ್ದು."

ಬಾಗಿಲಲ್ಲಿದ್ದವರೆಲ್ಲ ನಕ್ಕರು. ಭೂಮಿಕಾ ನಗಲಿಲ್ಲ. ಅವಳ ಕಣ್ಣು ಮೂಲೆಯಲ್ಲಿದ್ದ ತೊಟ್ಟಿಲಿನ ಮೇಲೆ ಹೋಯಿತು.

ತೊಟ್ಟಿಲಿನ ಕೆಲಸ ಹೀಗೆ. ಆ ಗಂಜಿಯಲ್ಲಿ ಹಲ್ಲಿಗೆ ಬೇಕಾದ ಸುಣ್ಣದ, ರಂಜಕದ ಅಂಶಗಳಿರುತ್ತವೆ. ಹಲ್ಲು ಹುಟ್ಟುವಾಗ ವಸಡಿನೊಳಗೆ ಇರುವಂಥದೇ ಪ್ರೊಟೀನಿನ ಎಳೆಗಳಿರುತ್ತವೆ. ತಳದಿಂದ ಒಂದು ಧ್ವನಿ ಕೊಡುತ್ತಾ ಹೋದರೆ ಆ ಕಂಪನಕ್ಕೆ ಹರಳುಗಳು ಹುಟ್ಟಿ, ಸಾಲುಗಟ್ಟಿ ನಿಂತು, ದಿನದಿಂದ ದಿನಕ್ಕೆ ಬೆಳೆಯುತ್ತವೆ. ಹಾಗೆ ಬೆಳೆದದ್ದು ಪಿಂಗಾಣಿಯಲ್ಲ, ಹುಟ್ಟು ಹಲ್ಲಿನ ಮೇಲ್ಪದರದಂಥದೇ ಅಸಲಿ ಎನಾಮಲ್. ಅದಕ್ಕೆ ಅಂಟು ಬೇಡ, ಹಲ್ಲಿಗೆ ತಾನೇ ಬೆಸೆದುಕೊಳ್ಳುತ್ತದೆ. ಅಂಟಿಲ್ಲದಿದ್ದರೆ ಸ್ವರಕ್ಕೆ ಅಡ್ಡಗೋಡೆಯೂ ಇಲ್ಲ. ಬೆಸೆದುಕೊಂಡ ಮೇಲೆ ಬೇಡವೆಂದರೆ ಬಿಡಿಸಿ ತೆಗೆಯುವ ಹಾಗಿಲ್ಲ, ನೆನಪಿರಲಿ ಎಂದು ಡಾಕ್ಟರು ಎಚ್ಚರಿಸಿದರು. ಕೊನೆಗೆ ಒಂದೇ ಒಂದು ಹಲ್ಲಿಗೆ ಹಾಕಿ ನೋಡೋಣ ಎಂದಾಯಿತು.

ಯಾವ ಧ್ವನಿ ಕೊಡಬೇಕು ಎಂಬುದನ್ನು ಯಂತ್ರ ಮಾಡಿದವರು ಪ್ರಯೋಗಾಲಯದವರಿಗೇ ಬಿಟ್ಟಿದ್ದರು. ಭೂಮಿಕಾಳಿಗೆ ಅದರಲ್ಲಿ ಅನುಮಾನವೇ ಇರಲಿಲ್ಲ. ಅದಕ್ಕೆ ಕಾರಣ ಮನೆಯಲ್ಲಿತ್ತು.

ಮಾವ ಯಂಕಪ್ಪ ಬದುಕಿರುವಷ್ಟು ದಿನ ಹೆಂಡತಿ ನುಡಿಸಿದರೆ ಗಂಡ ಶ್ರುತಿ ಹಿಡಿಯುವುದು ಆ ಮನೆಯ ಪದ್ಧತಿ. ಶ್ರುತಿ ಕೊಳವೆಯೆಂದರೆ ಒಂದೇ ಸ್ವರದ ವಾದ್ಯ. ಉಸಿರು ಕಡಿಯದ ಹಾಗೆ, ಕೆನ್ನೆಯಲ್ಲಿ ಗಾಳಿ ತುಂಬಿಟ್ಟುಕೊಂಡು ಊದುತ್ತಲೇ ಇರಬೇಕು. ಯಂಕಪ್ಪ ತೀರಿಕೊಂಡ ಮೇಲೆ ಆ ಕೊಳವೆ ಸೊಸೆಯ ಕೈಗೆ ಬಂತು. ಮಗ ಮಾರುತೇಶನಿಗೆ ಹುಟ್ಟಿನಿಂದ ಉಬ್ಬಸ, ಅವನಿಂದ ಆಗದ ಕೆಲಸ. ದಿನಾ ಬೆಳಗ್ಗೆ ಅತ್ತೆ ಸೊಸೆ ಪಡಸಾಲೆಯಲ್ಲಿ ಎದುರುಬದುರು ಕೂರುವರು. ಶ್ರುತಿ ಕೂದಲೆಳೆಯಷ್ಟು ಅಲ್ಲಾಡಿದರೂ ಹುಲಿಗೆಮ್ಮ ನುಡಿಸುವುದನ್ನು ನಿಲ್ಲಿಸಿ ಸೊಸೆಯ ಮುಖ ನೋಡುವರು. ಬೈಯುತ್ತಿರಲಿಲ್ಲ, ಆ ನೋಟವೇ ಸಾಕಾಗಿತ್ತು. ವರ್ಷಗಟ್ಟಲೆ ಆ ನೋಟಕ್ಕೆ ಹೆದರಿ ಹೆದರಿ ಭೂಮಿಕಾಳ ಶ್ರುತಿ ಗಟ್ಟಿಯಾಯಿತು. ಒಂದೇ ಸ್ವರ, ಅಲ್ಲಾಡದ ಸ್ವರ, ಅದಕ್ಕಿಂತ ಶುದ್ಧವಾದದ್ದು, ಗಟ್ಟಿಯಾದದ್ದು ಲೋಕದಲ್ಲಿ ಇಲ್ಲ ಎಂದು ಅವಳ ಮನಸ್ಸಿನಲ್ಲಿ ಕೂತುಬಿಟ್ಟಿತ್ತು. ತೊಟ್ಟಿಲಿಗೂ ಅವಳು ಅದನ್ನೇ ಕೊಟ್ಟಳು.

ಬೆಳೆದು ಬಂದ ಹಲ್ಲಿನ ಹೊದಿಕೆಯನ್ನು ಬೆಳಕಿಗೆ ಹಿಡಿದು ನೋಡಿ ಡಾಕ್ಟರ್ ಕೊಟ್ರೇಶ್ ದಂಗಾದರು. ಮೊಸರಿನ ಕೆನೆಯ ಬಣ್ಣ, ಅಂಚಿನಲ್ಲಿ ತೆಳು ನೀಲಿ. ಹಲ್ಲಿಗೆ ಕೂರಿಸಿದ್ದೂ ಆಯಿತು, ಬೆಸೆದುಕೊಂಡದ್ದೂ ಆಯಿತು. ಹುಲಿಗೆಮ್ಮ ನುಡಿಸಿ ನೋಡಿ, ಹೂಂ, ಇಳೀತದೆ ಎಂದರು. ಅವರ ಬಾಯಲ್ಲಿ ಅಷ್ಟು ಬಂದರೆ ಬೇರೆಯವರು ಹಾರ ಹಾಕಿದಂತೆ. ತರಕಾರಿ ಮಾರುಕಟ್ಟೆಯಲ್ಲಿ ಸೊಪ್ಪಿನವಳಿಗೂ ತುಟಿ ಎತ್ತಿ ತೋರಿಸಿ ಬಂದರಂತೆ. ಉಳಿದ ಐದನ್ನೂ ಬೆಳೆಯಲು ಹಾಕುವ ಲೆಕ್ಕದಲ್ಲಿ ಭೂಮಿಕಾ ನೆಲದ ಮೇಲೆ ಕಾಲಿಡದೆ ಓಡಾಡುತ್ತಿದ್ದಳು.

ಒಂದು ಬೆಳಗ್ಗೆ ಪಡಸಾಲೆಯಲ್ಲಿ ಅಭ್ಯಾಸ ಜೋರಾಗಿ ನಡೆದಿತ್ತು. ಹುಲಿಗೆಮ್ಮ ಮೆಟ್ಟಿಲು ಹತ್ತಿದ ಹಾಗೆ ಹತ್ತಿ ಹೋಗಿ ಮೇಲಿನ ಷಡ್ಜದ ಮೇಲೆ ನಿಂತರು. ಆಗ ಟಿಕ್ ಎಂದಿತು. ಬಳೆ ಒಡೆದಷ್ಟು ಸಣ್ಣ ಸದ್ದು. ಹುಲಿಗೆಮ್ಮ ವಾದ್ಯ ಇಳಿಸಿ ಅಂಗೈಗೆ ಉಗಿದರು. ಹೊಸ ಹೊದಿಕೆಯ ಅರ್ಧ, ಮೇಲಿನಿಂದ ಕೆಳಗಿನವರೆಗೆ ಬಿದಿರು ಸೀಳಿದಂತೆ ಸೀಳಿ, ಅಂಗೈಯಲ್ಲಿ ಬಿದ್ದಿತ್ತು.

ಭೂಮಿಕಾ ಶ್ರುತಿ ಕೊಳವೆಯನ್ನು ಬಾಯಿಂದ ಇಳಿಸಿದಳು. ಅತ್ತೆ ಆ ನೋಟ ನೋಡುತ್ತಾರೆ ಎಂದು ಕಾದಳು. ಅವರು ನೋಡಲಿಲ್ಲ. ಮೂತಿಗೆ ಕಟ್ಟಿದ್ದ ರೀಡಿನ ಪಟ್ಟಿಯನ್ನು ಬಿಚ್ಚಿ ಬಟ್ಟೆಯಲ್ಲಿ ಒರೆಸಿದರು, ವಾದ್ಯವನ್ನು ಪೆಟ್ಟಿಗೆಯಲ್ಲಿ ಮಲಗಿಸಿದರು, ಪೆಟ್ಟಿಗೆಯನ್ನು ಅಟ್ಟದ ಮೇಲೆ, ಹಳೇ ಹಾಸಿಗೆಗಳ ಹಿಂದಕ್ಕೆ ತಳ್ಳಿದರು.

"ನಿಂದೇನೂ ತಪ್ಪಿಲ್ಲ ಬಿಡವ್ವ," ಎಂದರು. "ಗಾಜಿನ ಮನೆಗೆ ಬೇರೆ ಯಾರಾದ್ರೂ ಮುಂದೆ ನಿಲ್ಲಲಿ. ನಾ ಹಿಂದೆ ತಾಳ ಹಾಕ್ತೀನಿ."

ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಭೂಮಿಕಾ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತಳು.

ಪ್ರಯೋಗಾಲಯದಲ್ಲಿ ಆ ಚೂರನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟಾಗ ಸಂಗತಿ ಕಣ್ಣಿಗೆ ರಾಚಿತು. ಹರಳುಗಳೆಲ್ಲ ಕವಾಯತಿಗೆ ನಿಂತವರಂತೆ ಒಂದೇ ಕಡೆ ಮುಖ ಮಾಡಿ ನಿಂತಿದ್ದವು. ಡಾಕ್ಟರು ಯಾರದೋ ಕಿತ್ತ ಹಲ್ಲಿನ ಒಂದು ಸೀಳನ್ನು ತಂದು ಪಕ್ಕದಲ್ಲಿಟ್ಟರು. ಅದರಲ್ಲಿ ಒಂದು ಪಟ್ಟೆ ಬೆಳಕು, ಒಂದು ಪಟ್ಟೆ ಕತ್ತಲು. ಒಂದು ಸಾಲಿನ ಹರಳು ಹೀಗೆ ಬಾಗಿದ್ದರೆ ಮುಂದಿನ ಸಾಲಿನದು ಹಾಗೆ. ಅಂಥ ಹಲ್ಲಿನಲ್ಲಿ ಬಿರುಕು ಹುಟ್ಟಿದರೂ ನಾಲ್ಕು ಹೆಜ್ಜೆ ಹೋಗುವಷ್ಟರಲ್ಲಿ ದಾರಿ ತಪ್ಪಿ ಸುಸ್ತಾಗಿ ನಿಲ್ಲುತ್ತದೆ. ಅವರ ತೊಟ್ಟಿಲಿನ ಹಲ್ಲಿನಲ್ಲಿ ಬಿರುಕಿಗೆ ಅಡ್ಡ ಬರುವವರೇ ಇರಲಿಲ್ಲ. ಇಬ್ಬರೂ ಇದನ್ನು ಕಾಲೇಜಿನಲ್ಲಿ ಓದಿದವರೇ. ಹಲ್ಲಿನ ಚೆಂದ ನೋಡಿ ಇಬ್ಬರೂ ಮರೆತಿದ್ದರು. ಮುರಿದದ್ದನ್ನು ನುಣ್ಣಗೆ ತೀಡಿ ಜಿರ್ಕೋನಿಯ ಹಾಕಿಬಿಡೋಣ, ಹಬ್ಬ ಹತ್ತಿರ ಬಂತು ಎಂದು ಡಾಕ್ಟರು ಹೇಳಿದರು. ಭೂಮಿಕಾ ಒಂದು ದಿನ ಕೊಡಿ ಎಂದಳು. ಆ ಒಂದು ದಿನದಲ್ಲಿ ಏನು ಮಾಡುತ್ತೇನೆ ಎಂಬುದು ಅವಳಿಗೂ ಗೊತ್ತಿರಲಿಲ್ಲ.

ಸಂಜೆ ಮನೆಗೆ ಬಂದರೆ ಪಡಸಾಲೆಯಲ್ಲಿ ಗದ್ದಲವೋ ಗದ್ದಲ. ಅಮ್ಮನ ಮುಖ ಅರಳಿಸಲು ಮಾರುತೇಶ ಗೋಡೆಯ ಮೇಲೆ ತಮ್ಮ ಮದುವೆಯ ವಿಡಿಯೋ ಹಾಕಿದ್ದ. ಅದೊಂದು ಪ್ರಸಿದ್ಧ ಮದುವೆ. ಮಗನ ಮದುವೆಗೆ ಬೇರೆ ಬ್ಯಾಂಡಿನವರು ಊದುವುದೇ, ಅದೆಂಥ ಮಾತು ಎಂದು ಹುಲಿಗೆಮ್ಮ ರೇಷ್ಮೆ ಸೀರೆಯುಟ್ಟು, ಮುಡಿತುಂಬ ಹೂ ಮುಡಿದು, ಬೀಗರು ಬಾಯಿ ಬಿಟ್ಟುಕೊಂಡು ನೋಡುತ್ತಿರುವಾಗ ತಾವೇ ಕ್ಲಾರಿಯೊನೆಟ್ ಹಿಡಿದು ದಿಬ್ಬಣದ ಮುಂದೆ ನಡೆದಿದ್ದರು. ಪಕ್ಕದಲ್ಲಿ ಯಂಕಪ್ಪ, ಪೇಟ ಸುತ್ತಿ, ಕೆನ್ನೆ ಉಬ್ಬಿಸಿ ಶ್ರುತಿ ಹಿಡಿದಿದ್ದ. ಹಿಂದೆ ಪಟಾಕಿ, ಮಕ್ಕಳ ಅಳು, ಊಟದ ಪಂಕ್ತಿ ಎಲ್ಲಿ ಎಂದು ಕೂಗುತ್ತಿರುವ ಯಾವುದೋ ದೊಡ್ಡಪ್ಪ.

ಹುಲಿಗೆಮ್ಮ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತು ಗಂಡನನ್ನು ನೋಡುತ್ತಿದ್ದರು. ಭೂಮಿಕಾ ಚಪ್ಪಲಿಯನ್ನೂ ಬಿಡದೆ ನಿಂತಲ್ಲೇ ಕೇಳಿದಳು. ಕೆಳಗೆ ಮಾವನ ಶ್ರುತಿ, ನೆಲದಂತೆ ಕದಲದೆ ನಿಂತಿದೆ. ಅದರ ಮೇಲೆ ಅತ್ತೆಯ ರಾಗ ಏರುತ್ತದೆ, ಜಾರುತ್ತದೆ, ಶ್ರುತಿಯನ್ನು ಅಡ್ಡ ಹಾಯ್ದು ಹೋಗಿ ಮತ್ತೆ ಬಂದು ತಬ್ಬುತ್ತದೆ. ಎರಡೂ ಸೇರಿದ್ದಕ್ಕೇ ಅದು ಸಂಗೀತ. ತಾನು ತೊಟ್ಟಿಲಿಗೆ ಶ್ರುತಿಯೊಂದನ್ನೇ ಕರೆದು ಕೂರಿಸಿ, ಅತ್ತೆಯ ರಾಗವನ್ನು ಬಾಗಿಲ ಹೊರಗೇ ನಿಲ್ಲಿಸಿದ್ದೆ ಎಂಬುದು ಅವಳಿಗೆ ಹೊಳೆಯಿತು. ಹೊಳೆದದ್ದೇ ತಡ, ಗಂಡನ ಕೈಯಿಂದ ಆ ವಿಡಿಯೋ ಕಿತ್ತುಕೊಳ್ಳುವಷ್ಟು ಅವಸರವಾಯಿತು.

ಮದುವೆಯ ಗದ್ದಲ ಕೇಳಿಸಿ ಹಲ್ಲು ಬೆಳೆಸುತ್ತೇನೆ ಎಂದರೆ ಯಾವ ಡಾಕ್ಟರು ಒಪ್ಪುತ್ತಾರೆ? ಕೊಟ್ರೇಶ್ ಮೊದಲು ಅವಳ ಮುಖ ನೋಡಿದರು, ಆಮೇಲೆ ಕುರ್ಚಿ ಎಳೆದುಕೊಂಡು ಕೂತರು. ರಾಗ ಬೇಕು ಎಂಬುದು ಅವರ ತಲೆಗೂ ಹೋಯಿತು. ಸ್ವರ ಬದಲಾದ ಹಾಗೆಲ್ಲ ಕಂಪನದ ದಿಕ್ಕು ತಿರುಗುತ್ತದೆ, ಹರಳಿನ ಸಾಲೂ ತಿರುಗಬೇಕು. ಆದರೆ ಈ ಪಟಾಕಿ, ಈ ದೊಡ್ಡಪ್ಪ ಯಾಕೆ, ಅವನ್ನೆಲ್ಲ ತೊಳೆದು ಶುದ್ಧ ಮಾಡು ಎಂದರು. ಶುದ್ಧವೆಂಬ ಮಾತು ಕೇಳಿ ಭೂಮಿಕಾಳಿಗೆ ಈ ಸಲ ಸ್ವಲ್ಪ ಅನುಮಾನ ಬಂತು. ತೊಳೆದದ್ದರಲ್ಲಿ ಒಂದು ಹಲ್ಲು, ತೊಳೆಯದೇ ಇದ್ದದ್ದರಲ್ಲಿ ಒಂದು ಹಲ್ಲು, ಎರಡನ್ನೂ ಬೆಳೆಯಲು ಬಿಟ್ಟಳು. ಅಷ್ಟು ದಿನ ಪ್ರಯೋಗಾಲಯದ ಮೂಲೆಯಲ್ಲಿ ಅವಳ ಮದುವೆ ಮತ್ತೆ ಮತ್ತೆ ನಡೆಯುತ್ತಲೇ ಇತ್ತು. ಕೆಲಸದವರಿಗೆ ಆ ರಾಗ ಬಾಯಿಪಾಠವಾಗಿ, ಪಂಕ್ತಿ ಎಲ್ಲಿ ಎಂಬ ಕೂಗು ಬಂದಾಗಲೆಲ್ಲ ಒಬ್ಬರಲ್ಲ ಒಬ್ಬರು ಊಟದ ಮನೆಯತ್ತ ಕೈ ತೋರಿಸುವರು.

ಬೆಳೆದ ಎರಡನ್ನೂ ಕಂಪನದ ಪರೀಕ್ಷೆಗೆ ಹಾಕಿದರು. ಕಬ್ಬಿಣದ ಹಿಡಿಕೆಯಲ್ಲಿ ಹಲ್ಲನ್ನು ಬಿಗಿದು, ಕ್ಲಾರಿಯೊನೆಟ್ಟಿನ ಮೂತಿಯನ್ನು ಅದಕ್ಕೆ ಒತ್ತಿ, ಮೇಲಿನ ಷಡ್ಜದಲ್ಲಿ ನಡುಗಿಸುವ ಪರೀಕ್ಷೆ ಅದು. ತೊಳೆದ ರಾಗದ ಹಲ್ಲು ಮಧ್ಯಾಹ್ನದವರೆಗೆ ತಡೆದು, ಆಮೇಲೆ ಸಣ್ಣ ಗೆರೆ ಬಿಟ್ಟಿತು. ಗದ್ದಲದ ಹಲ್ಲು ಮಾತ್ರ ಜಪ್ಪಯ್ಯ ಅಂದರೂ ಜಗ್ಗಲಿಲ್ಲ. ಡಾಕ್ಟರು ನಡುಕ ಹೆಚ್ಚಿಸಿದರು. ಇನ್ನೂ ಹೆಚ್ಚಿಸಿದರು. ಕೊನೆಗೆ ಟಿಕ್ ಎಂದಾಗ ಭೂಮಿಕಾ ಕಣ್ಣು ಮುಚ್ಚಿದಳು. ತೆರೆದು ನೋಡಿದರೆ ಸಡಿಲಾಗಿ ಬಿದ್ದದ್ದು ಹಿಡಿಕೆಯ ತಿರುಪು. ಹಲ್ಲು ಹಾಗೇ ಇತ್ತು.

ಡಾಕ್ಟರ್ ಕೊಟ್ರೇಶ್ ಆ ಹಲ್ಲಿನ ಅಂಚನ್ನು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾ ಕೂತುಬಿಟ್ಟರು. ಬೆಳಕಿನ ಪಟ್ಟೆ, ಕತ್ತಲಿನ ಪಟ್ಟೆ, ನಡುನಡುವೆ ಪಟಾಕಿ ಸಿಡಿದಲ್ಲೆಲ್ಲ ಒಂದು ತೊಡಕು, ಒಂದು ಗಂಟು. ಬಾಯೊಳಗೆ ಹುಟ್ಟುವ ಹಲ್ಲೂ ಇಂಥ ಗದ್ದಲದಲ್ಲೇ ಅಲ್ಲವೇ ಬೆಳೆಯುವುದು ಎಂದು ತಮಗೆ ತಾವೇ ಹೇಳಿಕೊಂಡರು. ಅಳುವುದು, ಚಪ್ಪರಿಸುವುದು, ಅರಚುವುದು ಎಲ್ಲ ಅದಕ್ಕೆ ಕೇಳಿಸುತ್ತಲೇ ಇರುತ್ತದೆ. ಆಮೇಲೆ ಎದ್ದು ಬಂದು ಭೂಮಿಕಾಳ ಕೈ ಕುಲುಕಿ, ಆರನ್ನೂ ಬೆಳೆಸಮ್ಮ ಎಂದರು.

ಕಷ್ಟದ ಕೆಲಸ ಅದಾದ ಮೇಲಿತ್ತು. ಒಮ್ಮೆ ಅಂಗೈಗೆ ಹಲ್ಲು ಉಗಿದವರನ್ನು ಮತ್ತೆ ಆ ಕುರ್ಚಿಯಲ್ಲಿ ಕೂರಿಸುವುದು. ಏನೇನೋ ಹೇಳಬೇಕೆಂದುಕೊಂಡು ಭೂಮಿಕಾ ಅತ್ತೆಯ ಮುಂದೆ ಬಂದು ನಿಂತಳು. ಹುಲಿಗೆಮ್ಮ ಸೊಪ್ಪು ಸೋಸುತ್ತಾ ತಲೆ ಎತ್ತದೆ ಕೇಳಿದರು.

"ಈ ಸಲ ಯಾರ ಶ್ರುತಿ ಇಟ್ಟೀಯ?"

"ಮಾವಂದು. ಅದರ ಮೇಲೆ ನಿಮ್ಮ ರಾಗ, ಅತ್ತೆ. ನಮ್ಮ ಮದುವೇದು."

ಹುಲಿಗೆಮ್ಮನ ಕೈಯಲ್ಲಿ ಸೊಪ್ಪಿನ ಕಡ್ಡಿ ಹಾಗೇ ನಿಂತಿತು. ಕೈ ಒರೆಸಿಕೊಂಡು ಎದ್ದು, ಬೇರೆ ಸೀರೆ ಉಟ್ಟುಕೊಂಡು ಬರುತ್ತೇನೆ ಎಂದರು.

ಸಂಕ್ರಾಂತಿಯ ಸಂಜೆ ಗಾಜಿನ ಮನೆ ಕಿಕ್ಕಿರಿದಿತ್ತು. ಕೆಂಪು ಅಂಚಿನ ಬಿಳಿ ಸೀರೆಯುಟ್ಟ ಹೆಂಗಸರು ಡೋಲು, ತುತ್ತೂರಿ ಹಿಡಿದು ಸಾಲಾಗಿ ನಿಂತಿದ್ದರು. ಎಲ್ಲರಿಗೂ ಮುಂದೆ ಹುಲಿಗೆಮ್ಮ, ಅವರ ಎಡಗಡೆ ಶ್ರುತಿ ಕೊಳವೆ ಹಿಡಿದ ಭೂಮಿಕಾ. ಮುಂದಿನ ಸಾಲಿನಲ್ಲಿ ಡಾಕ್ಟರ್ ಕೊಟ್ರೇಶ್ ತಮ್ಮ ಹಲ್ಲೇ ನೋಯುತ್ತಿರುವವರಂತೆ ದವಡೆ ಬಿಗಿದು ಕೂತಿದ್ದರು. ಅಕಸ್ಮಾತ್ ಏನಾದರೂ ಆದರೆ ಎಂದು ಜೇಬಿನಲ್ಲಿ ಹತ್ತಿ, ಔಷಧಿ ಎಲ್ಲ ಇಟ್ಟುಕೊಂಡಿದ್ದರು.

ಭೂಮಿಕಾ ಶ್ರುತಿ ಕೊಟ್ಟಳು. ಹುಲಿಗೆಮ್ಮ ಕೆಳಗಿನಿಂದ ನಿಧಾನವಾಗಿ ಎದ್ದರು. ಏರಿದರು, ಜಾರಿದರು, ಜನರನ್ನು ನಗಿಸುವಂತೆ ಒಂದೆರಡು ಕಡೆ ಸ್ವರವನ್ನು ಕುಣಿಸಿದರು. ಹತ್ತುತ್ತಾ ಹತ್ತುತ್ತಾ ಮೇಲಿನ ಷಡ್ಜದ ಹತ್ತಿರ ಬಂದಾಗ ಭೂಮಿಕಾಳಿಗೆ ಬಳೆ ಒಡೆದಂಥ ಆ ಸದ್ದು ನೆನಪಾಯಿತು. ಆದರೂ ಶ್ರುತಿ ಬಿಡಲಿಲ್ಲ. ಹುಲಿಗೆಮ್ಮ ಷಡ್ಜವನ್ನು ಮುಟ್ಟಿದರು. ಮುಟ್ಟಿ ಇಳಿಯುತ್ತಾರೆ ಎಂದುಕೊಂಡರೆ ಅಲ್ಲೇ ನಿಂತರು. ನಿಂತೇ ಇದ್ದರು. ಗಾಜುಗಳೆಲ್ಲ ಸಣ್ಣಗೆ ಗುಂಯ್‌ಗುಡತೊಡಗಿದವು. ಜನ ಒಬ್ಬೊಬ್ಬರೇ ಎದ್ದು ನಿಂತರು, ಆಮೇಲೆ ಇಡೀ ಸಭೆಯೇ ಎದ್ದು ನಿಂತಿತು. ಹುಲಿಗೆಮ್ಮ ಕಣ್ಣು ಮುಚ್ಚಿಕೊಂಡು, ಉಸಿರು ಮುಗಿಯುವ ತನಕ ಆ ಸ್ವರ ಹಿಡಿದು, ತಮಗೆ ಬೇಕಾದಾಗ ಇಳಿದರು. ಚಪ್ಪಾಳೆಯಲ್ಲಿ ಮುಂದಿನದು ಏನೂ ಕೇಳಿಸಲಿಲ್ಲ.

ಕಛೇರಿ ಮುಗಿದ ಮೇಲೆ ಎಳ್ಳುಬೆಲ್ಲ ಹಂಚಿದರು. ಯಾರೋ ಒಂದು ತಟ್ಟೆಯಲ್ಲಿ ಸುಲಿದು ತುಂಡು ಮಾಡಿದ ಕಬ್ಬು ತಂದರು. ಹುಲಿಗೆಮ್ಮ ತಟ್ಟೆಯನ್ನು ಪಕ್ಕಕ್ಕೆ ಸರಿಸಿ, ವೇದಿಕೆಯ ಕಂಬಕ್ಕೆ ಕಟ್ಟಿದ್ದ ಕಬ್ಬಿನ ಜಲ್ಲೆಯನ್ನೇ ಮುರಿದುಕೊಂಡರು. ಡಾಕ್ಟರು ಬೇಡ ಎನ್ನಲು ಕೈ ಎತ್ತಿದರು. ಅಷ್ಟರಲ್ಲಿ ಹುಲಿಗೆಮ್ಮ ಮುಂದಿನ ಹಲ್ಲಿನಿಂದ ಸಿಪ್ಪೆ ಕಚ್ಚಿ ಸರ್ರನೆ ಎಳೆದಿದ್ದರು. ಮೊಳಕೈಯುದ್ದದ ಸಿಪ್ಪೆ ಕಿತ್ತು ಬಂತು. ಅದನ್ನು ಡಾಕ್ಟರ ಕೈಗೆ ಕೊಟ್ಟು ಜೋರಾಗಿ ನಕ್ಕರು. ಸೆರಗು ಹೆಗಲ ಮೇಲೇ ಇತ್ತು. ಆ ನಗು ಊರಿನಲ್ಲಿ ಬೇರೆ ಯಾರ ನಗುವಿನ ಹಾಗೂ ಇರಲಿಲ್ಲ, ಅದು ಹುಲಿಗೆಮ್ಮನ ನಗುವೇ ಆಗಿತ್ತು.

ಮನೆಗೆ ಬರುವ ದಾರಿಯಲ್ಲಿ ಅವರು ಸೊಸೆಗೆ ಒಂದು ಮಾತು ಹೇಳಿದರು. "ಮೇಲೆ ನಿಂತಿದ್ನಲ್ಲ, ಆವಾಗ ನಿನ್ನ ಶ್ರುತಿ ಹೊರಗಿಂದ ಕೇಳ್ತು. ನಿಮ್ಮ ಮಾವಂದು ಒಳಗಿಂದ."

ಹರಳಿನೊಳಗೆ ದನಿ ಉಳಿಯುವುದಿಲ್ಲ ಎಂಬುದು ಭೂಮಿಕಾಳಿಗೆ ಚೆನ್ನಾಗಿ ಗೊತ್ತಿತ್ತು. ಅವಳು ಅತ್ತೆಯ ಕೈ ಹಿಡಿದುಕೊಂಡು ನಡೆದಳು.

ಮರುದಿನ ಬೆಳಗ್ಗೆ ಅವಳು ಪಡಸಾಲೆಗೆ ಬಂದಾಗ ಹುಲಿಗೆಮ್ಮ ಆಗಲೇ ಕೂತಿದ್ದರು. ಶ್ರುತಿ ಕೊಳವೆ ಅವರ ಮಡಿಲಲ್ಲಿತ್ತು. ಕ್ಲಾರಿಯೊನೆಟ್ಟು ಎದುರಿನ ಚಾಪೆಯ ಮೇಲೆ, ಭೂಮಿಕಾ ಕೂರುವ ಜಾಗದಲ್ಲಿತ್ತು.

"ಕೂರು. ಇವತ್ತಿಂದ ನೀ ನುಡಿಸು, ಶ್ರುತಿ ನಾ ಹಿಡೀತೀನಿ."

ಭೂಮಿಕಾ ವಾದ್ಯ ಎತ್ತಿಕೊಂಡು ಊದಿದಳು. ಮೊದಲ ಸ್ವರ ಆಡಿನಮರಿ ಅರಚಿದಂತೆ ಬಂತು, ಎರಡನೆಯದು ಅದಕ್ಕಿಂತ ಮೋಸ. ಅಡುಗೆಮನೆಯಲ್ಲಿ ಮಾರುತೇಶ ಬಿದ್ದು ಬಿದ್ದು ನಕ್ಕ. ಎದುರಿಗಿದ್ದ ಹುಲಿಗೆಮ್ಮನಿಗೂ ನಗು ಉಕ್ಕಿ ಬಂದು, ಕಣ್ಣಲ್ಲಿ ನೀರಾಡಿ, ಉಬ್ಬಿದ ಕೆನ್ನೆ ಅದುರಿತು. ಶ್ರುತಿ ಮಾತ್ರ ಕೂದಲೆಳೆಯಷ್ಟೂ ಅಲ್ಲಾಡಲಿಲ್ಲ.